ಸಾರಥ್ಯಾಧಿಕಾರ ವಿಚಾರ

ಪೂರ್ವಮೀಮಾಂಸಾಶಾಸ್ತ್ರದಲ್ಲಿ ‘ಅಧಿಕಾರ’ ಶಬ್ದಕ್ಕೆ ಈಗ ರೂಢಿಯಲ್ಲಿರುವ ಪ್ರಭುತ್ವವೆಂಬ ಅರ್ಥವಿಲ್ಲ; ಒಂದು ಕರ್ಮವನ್ನು ಮಾಡುವುದಕ್ಕೆ ಯಾವನು ಯೋಗ್ಯನೆಂಬ ವಿಚಾರವೇ ಅಲ್ಲಿ ಅಧಿಕಾರವಿಚಾರವೆನಿಸುತ್ತದೆ. ಫಲವನ್ನು ಬಯಸುವವನೂ, ಅನುಷ್ಠಾನಕ್ಕೆ ಸಮರ್ಥನೂ, ಕ್ರಮವನ್ನು ಬಲ್ಲವನೂ, ನಿಷೇಧಕ್ಕೆ ಒಳಗಾಗದವನೂ ಅಧಿಕಾರಿಯೆಂದು ಶಾಸ್ತ್ರಜ್ಞರು ನಿರ್ಣಯಿಸಿರುತ್ತಾರೆ. ಮೋಟಾರು ವಾಹನವನ್ನು ನಡೆಸುವವನಿಗೆ ಲೈಸೆನ್ಸು ಕೊಡುವ ಮುನ್ನ ಇಂದಿನ ಕಾಯಿದೆಯು ಕೇಳುವ ಪ್ರಶ್ನೆಗಳೂ ಬಹುಮಟ್ಟಿಗೆ ಇವೇ. ಆದರೆ ಅನಧಿಕಾರಿಯು ವಾಹನವನ್ನು ನಡೆಸಿ ಪ್ರಾಣಹಾನಿಯಾದಾಗ ದೋಷವು ಯಾರನ್ನು ಸೇರತಕ್ಕದ್ದೆಂಬ ಪ್ರಶ್ನೆಯು ಲೈಸೆನ್ಸಿಗಿಂತಲೂ ಬಹಳ ಹಳೆಯದು. 2022ನೆಯ ಇಸವಿಯೊಂದರಲ್ಲಿಯೇ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಅಪಘಾತಗಳಿಂದ ಮೃತರಾದರೆಂದು ಕೇಂದ್ರಸರ್ಕಾರದ ವರದಿಯಿರುವುದರಿಂದ, ಇದು ಕೇವಲ ಶಬ್ದಚರ್ಚೆಯೂ ಅಲ್ಲ.

ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿ ಅಶ್ವಸಾರಥ್ಯವು ಸೂತರ ವೃತ್ತಿಯೆಂದು ಹೇಳಿದೆ. ಇಷ್ಟನ್ನೇ ನೋಡಿದವರು, ಪ್ರಾಚೀನರ ಮತದಲ್ಲಿ ಸಾರಥಿಯ ಯೋಗ್ಯತೆಗೆ ಜನ್ಮವೊಂದೇ ಪ್ರಮಾಣವಾಗಿದ್ದಿತೆಂದು ಭಾವಿಸುವುದು ಸಹಜ. ಆದರೆ ಅದೇ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ, ಬಂಡಿಯಿಂದ ಹಿಂಸೆಯುಂಟಾದರೆ ದಂಡವು ಯಾರಿಗೆಂಬುದನ್ನು ವಿಚಾರಿಸುವಾಗ, ಜಾತಿಯ ಮಾತೇ ಬರುವುದಿಲ್ಲ. ಬಂಡಿ ಹೊಡೆಯುವವನನ್ನು ಅಲ್ಲಿ ‘ಪ್ರಾಜಕ’ನೆಂದು ಕರೆದಿದೆ, ಅವನು ಯಾವ ಕುಲದವನೆಂದು ಸ್ಮೃತಿಕಾರನು ಕೇಳುವುದಿಲ್ಲ, ಬಲ್ಲವನೋ ಅಲ್ಲವೋ ಎಂದಷ್ಟೇ ಕೇಳುತ್ತಾನೆ.

ಮೊದಲು ದಂಡವಿಲ್ಲದ ಹತ್ತು ಸಂದರ್ಭಗಳನ್ನು ಎಣಿಸಿದೆ. ಮೂಗುದಾರ ಹರಿಯುವುದು, ನೊಗ ಮುರಿಯುವುದು, ಬಂಡಿಯು ಅಡ್ಡಲಾಗಿ ಅಥವಾ ಹಿಮ್ಮುಖವಾಗಿ ಸರಿಯುವುದು, ಅಚ್ಚಾಗಲಿ ಗಾಲಿಯಾಗಲಿ ಮುರಿಯುವುದು, ಕಟ್ಟುಗಳೂ ಕೊರಳ ಹಗ್ಗವೂ ಲಗಾಮೂ ಕಡಿದುಹೋಗುವುದು, ಇವು ಒಂಬತ್ತು. ಹತ್ತನೆಯದು ವಿಶೇಷವಾದುದು: ದಾರಿ ಬಿಡಿರೆಂದು ಗಟ್ಟಿಯಾಗಿ ಕೂಗಿ ಎಚ್ಚರಿಸಿದ್ದರೂ ದಂಡವಿಲ್ಲ. (ಕೂಗಿದ ಮಾತ್ರಕ್ಕೆ ದೋಷವು ಕಳೆಯಿತೆಂಬ ಈ ನಂಬಿಕೆಯನ್ನು ಈಗಿನ ಚಾಲಕರಲ್ಲಿ ಹಲವರು ಹಾರನ್ನಿನ ವಿಷಯದಲ್ಲಿ ಭಕ್ತಿಯಿಂದ ಉಳಿಸಿಕೊಂಡು ಬಂದಿರುತ್ತಾರೆ.) ಮಿಕ್ಕ ಕಡೆಗಳಲ್ಲಿ ದಂಡವುಂಟು. ಪ್ರಾಜಕನ ವೈಗುಣ್ಯದಿಂದ ಬಂಡಿಯು ದಾರಿತಪ್ಪಿ ಹಿಂಸೆಯಾದರೆ ಬಂಡಿಯ ಯಜಮಾನನಿಗೆ ಇನ್ನೂರು ಪಣ. ಪ್ರಾಜಕನು ‘ಆಪ್ತ’ನಾಗಿದ್ದರೆ ದಂಡವು ಅವನಿಗೇ. ಅನಾಪ್ತನಾಗಿದ್ದಲ್ಲಿ, ಬಂಡಿಯಲ್ಲಿ ಕುಳಿತವರೆಲ್ಲರಿಗೂ ತಲೆಗೆ ನೂರು ಪಣ.

ಇಲ್ಲಿ ಆಪ್ತನೆಂದರೆ ನೆಂಟನೂ ಅಲ್ಲ, ಗೆಳೆಯನೂ ಅಲ್ಲ. ಕುಶಲನೆಂದೇ ವ್ಯಾಖ್ಯಾನಕಾರರ ಅಭಿಪ್ರಾಯ. ಕುಶಲನು ತಪ್ಪಿದರೆ ತಪ್ಪು ಅವನದು; ಅಕುಶಲನು ತಪ್ಪಿದರೆ ಅವನ ಕೈಗೆ ಹಗ್ಗವನ್ನು ಕೊಟ್ಟವನದೂ, ಅವನನ್ನು ನಂಬಿ ಹತ್ತಿದವರದೂ ಆಗುತ್ತದೆ. ಯೋಗ್ಯತೆಯನ್ನು ಪರೀಕ್ಷಿಸುವ ಹೊಣೆಯನ್ನು ಸ್ಮೃತಿಯು ಹೀಗೆ ಅರಸನ ಮೇಲೆ ಹೊರಿಸದೆ ಯಜಮಾನನ ಮೇಲೂ ಪ್ರಯಾಣಿಕರ ಮೇಲೂ ಹೊರಿಸಿತೆಂಬುದನ್ನು ವಿದ್ವಾಂಸರು ಗಮನಿಸತಕ್ಕದ್ದು.

ವಯಸ್ಸಿನ ಮಾತನ್ನು ಸ್ಪಷ್ಟವಾಗಿ ಎತ್ತಿದವನು ಕೌಟಿಲ್ಯನು. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ತಾಳೆಯೋಲೆಯಿಂದ ಶೋಧಿಸಿ 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದ ಕೊನೆಯ ಅಧ್ಯಾಯದಲ್ಲಿ ಈ ಪ್ರಕರಣವಿದೆ. ಮೂಗುದಾರ ಹರಿದುದೇ ಮೊದಲಾದ ವಿನಾಯಿತಿಗಳು ಅಲ್ಲಿಯೂ ಉಂಟು. ದನಗಳ ಮತ್ತು ಜನರ ಸಂದಣಿಯೂ ಅವುಗಳಲ್ಲಿ ಸೇರಿದೆ. ಬಳಿಕ ಬಂಡಿ ನಡೆಸುವವನು ಬಾಲನಾಗಿದ್ದರೆ ಏನೆಂಬ ವಿಚಾರ. ಆಗ ಬಂಡಿಯಲ್ಲಿ ಕುಳಿತಿರುವ ಯಜಮಾನನು ದಂಡಾರ್ಹನು. ಯಜಮಾನನಿಲ್ಲದಿದ್ದರೆ ಕುಳಿತ ಪ್ರಯಾಣಿಕನು. ನಡೆಸುವವನು ಪ್ರಾಪ್ತವ್ಯವಹಾರನಾಗಿದ್ದರೆ ಅವನೇ. ಗಂಡಸಿಗೆ ಹದಿನಾರನೆಯ ವರ್ಷದಲ್ಲಿ ವ್ಯವಹಾರಪ್ರಾಪ್ತಿಯೆಂದು ಮೂರನೆಯ ಅಧಿಕರಣದಲ್ಲಿ ಹೇಳಿರುವುದನ್ನು ಇಲ್ಲಿ ಕೂಡಿಸಿಕೊಳ್ಳಬೇಕು. ಬಾಲನು ನಡೆಸುವ ಬಂಡಿಯನ್ನೂ ಆಳಿಲ್ಲದ ಬಂಡಿಯನ್ನೂ ಅರಸನು ವಶಪಡಿಸಿಕೊಳ್ಳತಕ್ಕದ್ದೆಂದು ಪ್ರಕರಣವು ಮುಂದುವರಿಯುತ್ತದೆ.

ಇಷ್ಟರಿಂದ ಪ್ರಾಚೀನ ಭಾರತದಲ್ಲಿ ಲೈಸೆನ್ಸು ಇದ್ದಿತೆಂದು ಸಾರುವುದು ಸಾಹಸವಾದೀತು. ಮನುವಾಗಲಿ ಕೌಟಿಲ್ಯನಾಗಲಿ ಹಾದಿಯಲ್ಲಿ ಬಂಡಿ ಹೊಡೆಯುವವನಿಗೆ ಮುಂಚಿತವಾಗಿ ಅನುಮತಿಪತ್ರವನ್ನು ವಿಧಿಸಿಲ್ಲ. ಅವರ ನಿಯಮಗಳಲ್ಲಿ ಹೆಚ್ಚಿನವು ಹಾನಿಯಾದ ಮೇಲೆ ಎಚ್ಚರಗೊಳ್ಳುವಂಥವು. ಬಾಲನ ಬಂಡಿಯನ್ನು ವಶಪಡಿಸಿಕೊಳ್ಳುವ ವಿಧಿಯೊಂದು ಮಾತ್ರ ಹಾನಿಯನ್ನು ಕಾಯದೆ ಪ್ರವರ್ತಿಸುವಂತೆ ತೋರುತ್ತದೆ.

ಹಾನಿಗೆ ಮೊದಲೇ ಯೋಗ್ಯತೆಯನ್ನು ಪರೀಕ್ಷಿಸಿ ಪತ್ರ ಕೊಡುವ ಕ್ರಮವು ಯೂರೋಪಿನಲ್ಲಿ ಮೋಟಾರು ಬಂದ ಮೇಲೆ ಹುಟ್ಟಿದುದು. 1893ನೆಯ ಆಗಸ್ಟ್ 14ರಂದು ಪ್ಯಾರಿಸಿನ ಪೋಲೀಸು ಅಧಿಕಾರಿಯು ಹೊರಡಿಸಿದ ಆಜ್ಞೆಯು ಚಾಲಕನಿಗೆ ಸಾಮರ್ಥ್ಯಪತ್ರವನ್ನು ವಿಧಿಸಿತು. ಇಂಗ್ಲೆಂಡಿನ ಚರಿತ್ರೆಯು ಬೇರೆ ತೆರನಾದುದು. ಅಲ್ಲಿಯ 1903ರ ಕಾಯಿದೆಯ ಪ್ರಕಾರ 1904ರ ಆದಿಯಿಂದ ಲೈಸೆನ್ಸು ಬೇಕಾಯಿತು. ಹದಿನೇಳು ವರ್ಷ ತುಂಬಿದವನು ಐದು ಷಿಲ್ಲಿಂಗು ಕೊಟ್ಟರೆ ಕಾರು ನಡೆಸುವ ಲೈಸೆನ್ಸು ದೊರೆಯುತ್ತಿತ್ತು. ಪರೀಕ್ಷೆಯು ಕಡ್ಡಾಯವಾದುದು 1935ನೆಯ ಜೂನ್ 1ರಿಂದ. ಮೂವತ್ತು ವರ್ಷಗಳಿಗೂ ಮಿಕ್ಕು ಅಲ್ಲಿಯ ಲೈಸೆನ್ಸು ಹೆಸರು ಬರೆಯಿಸಿಕೊಂಡುದಕ್ಕೆ ಗುರುತಾಗಿತ್ತೇ ಹೊರತು ಕೌಶಲಕ್ಕೆ ಪ್ರಮಾಣವಾಗಿರಲಿಲ್ಲ.

ಭಾರತದಲ್ಲಿ 1914ರ ಕಾಯಿದೆಯೂ, ಅನಂತರ 1939ರ ಕಾಯಿದೆಯೂ ಜಾರಿಯಲ್ಲಿದ್ದುವು. 1988ರ ಕಾಯಿದೆಯು 1989ನೆಯ ಜುಲೈ 1ರಿಂದ ನಡೆಯುತ್ತಲಿದೆ. ಇದರ ಮೇರೆಗೆ ಸಾಮಾನ್ಯ ವಾಹನಗಳಿಗೆ ಹದಿನೆಂಟು ವರ್ಷವೂ, ಬಾಡಿಗೆಯ ಹಾಗೂ ಸರಕಿನ ಸಾರಿಗೆ ವಾಹನಗಳಿಗೆ ಇಪ್ಪತ್ತು ವರ್ಷವೂ ತುಂಬಿರಬೇಕು. ಐವತ್ತು ಸಿ.ಸಿ.ಗೆ ಮೀರದ ಮೋಟಾರು ಸೈಕಲ್ಲಿಗೆ ಹದಿನಾರು ಸಾಕು; ಕೌಟಿಲ್ಯನ ಹದಿನಾರೂ ಇದೂ ಕೂಡಿಬಂದುದು ಕಾಕತಾಳೀಯವೆಂದೇ ತಿಳಿಯತಕ್ಕದ್ದು. ಒಳ್ಳೆಯ ಹಗಲುಬೆಳಕಿನಲ್ಲಿ ಇಪ್ಪತ್ತೈದು ಮೀಟರು ದೂರದಿಂದ ಕಾರಿನ ನಂಬರು ಪಲಕವನ್ನು ಗುರುತಿಸಬಲ್ಲೆಯಾ ಎಂದು ಅರ್ಜಿದಾರನನ್ನು ಕೇಳುವುದು ಸಾಮರ್ಥ್ಯದ ವಿಚಾರ. ರಸ್ತೆಯ ಸಂಕೇತಗಳ ಪರೀಕ್ಷೆಯು ವಿದ್ವತ್ತೆಯ ವಿಚಾರ. ಲೈಸೆನ್ಸು ಹೊಂದುವುದರಿಂದ ಅನರ್ಹಗೊಂಡವನನ್ನು ಹೊರಗಿಡುವುದು ಪರ್ಯುದಾಸ. ಮೀಮಾಂಸಕನಿಗೆ ಇದರಲ್ಲಿ ಅಪೂರ್ವವಾದುದೇನೂ ಕಾಣದು.

ಇತಿಹಾಸದೃಷ್ಟಿಯಿಂದ ಮುಖ್ಯವಾದುವು 2019ರ ಎರಡು ಬದಲಾವಣೆಗಳು. ಸಾರಿಗೆ ವಾಹನದ ಲೈಸೆನ್ಸಿಗೆ ಎಂಟನೆಯ ತರಗತಿಯ ತೇರ್ಗಡೆ ಬೇಕೆಂದಿದ್ದ ಕೇಂದ್ರ ನಿಯಮವನ್ನು ಆ ವರ್ಷ ತೆಗೆದುಹಾಕಲಾಯಿತು. ಶಾಲೆಯ ಓದು ಬೇರೆ, ಹಗ್ಗ ಹಿಡಿಯುವ ಕೈ ಬೇರೆ. ಕುಲವನ್ನು ಕೇಳದೆ ಆಪ್ತತ್ವವನ್ನು ಮಾತ್ರ ಕೇಳಿದ ಎಂಟನೆಯ ಅಧ್ಯಾಯದ ನ್ಯಾಯಕ್ಕೆ ಇದು ಹತ್ತಿರವಾದುದು. ಎರಡನೆಯದು ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 199ಎ ಪ್ರಕರಣ. ಬಾಲಕನು ವಾಹನಾಪರಾಧವನ್ನು ಮಾಡಿದರೆ ಅವನ ಪೋಷಕನನ್ನು ಅಥವಾ ವಾಹನದ ಯಜಮಾನನನ್ನು ಅಪರಾಧಿಯೆಂದು ಭಾವಿಸಿ, ಮೂರು ವರ್ಷದವರೆಗೆ ಸೆರೆವಾಸವನ್ನೂ ಇಪ್ಪತ್ತೈದು ಸಾವಿರ ರೂಪಾಯಿ ದಂಡವನ್ನೂ ವಿಧಿಸಬಹುದು. ವಾಹನದ ನೋಂದಣಿಯು ಹನ್ನೆರಡು ತಿಂಗಳು ರದ್ದಾಗುತ್ತದೆ. ಆ ಬಾಲಕನಿಗೆ ಇಪ್ಪತ್ತೈದು ವರ್ಷವಾಗುವವರೆಗೆ ಕಲಿಯುವವನ ಲೈಸೆನ್ಸೂ ಸಿಕ್ಕದು. ತನಗೆ ತಿಳಿಯದೆ ನಡೆಯಿತೆಂದಾಗಲಿ, ತಡೆಯಲು ತಕ್ಕ ಎಚ್ಚರ ವಹಿಸಿದ್ದೆನೆಂದಾಗಲಿ ಸಾಧಿಸಿದ ಹಿರಿಯನಿಗೆ ಶಿಕ್ಷೆಯಿಲ್ಲ.

ಕೌಟಿಲ್ಯನ ಯಜಮಾನನು ಬಂಡಿಯಲ್ಲಿ ಕುಳಿತಿದ್ದರೆ ಮಾತ್ರ ದಂಡಾರ್ಹನು. 199ಎ ಪ್ರಕರಣದ ಯಜಮಾನನು ಮನೆಯಲ್ಲಿದ್ದರೂ ದಂಡಾರ್ಹನು. ಎತ್ತಿನ ಬಂಡಿಯನ್ನು ಯಜಮಾನನಿಗೆ ತಿಳಿಯದೆ ಹೂಡಿಕೊಂಡು ಹೋಗುವುದು ಕಷ್ಟ, ಬೀಗದ ಕೈಯನ್ನು ಗೂಟದಿಂದ ತೆಗೆದುಕೊಳ್ಳುವುದು ಸುಲಭವೆಂಬುದನ್ನು ನೆನೆದರೆ ಈ ಬಿಗಿಯು ಅತಿಯಾಯಿತೆನ್ನಲಾಗದು. ಪ್ರಯಾಣಿಕನನ್ನು ಮಾತ್ರ ಇಂದಿನ ಕಾಯಿದೆಯು ಬಿಟ್ಟುಕೊಟ್ಟಿದೆ. ಬಸ್ಸು ಹತ್ತುವವನು ಚಾಲಕನನ್ನು ಪರೀಕ್ಷಿಸಲಾರನಾದುದರಿಂದ ಅದು ನ್ಯಾಯವೇ. ಆದರೆ ಅಕುಶಲನೆಂದು ತಿಳಿದೂ ಜೊತೆಗೆ ಹೊರಡುವ ಗೆಳೆಯರ ವಿಷಯದಲ್ಲಿ ಮನುವಿನ ನೂರು ಪಣಕ್ಕೆ ಅರ್ಥವಿಲ್ಲದಿರಲಿಲ್ಲ.

ಸ್ಮೃತಿಯ ಈ ದಂಡವು ಅರಸನ ಭಂಡಾರವನ್ನು ಸೇರುತ್ತಿದ್ದುದು; ಸತ್ತವನ ಮನೆಯವರಿಗೆ ದ್ರವ್ಯವು ಬರುವ ದಾರಿಯನ್ನು ತೆರೆದುದು 1939ರ ಕಾಯಿದೆಯಿಂದ ವಿಧಿಸಲ್ಪಟ್ಟು 1946ನೆಯ ಜುಲೈ 1ರಿಂದ ಕಡ್ಡಾಯವಾದ ವಿಮೆ. ಚಾಲಕನಿಗೆ ಸರಿಯಾದ ಲೈಸೆನ್ಸಿರಲಿಲ್ಲವೆಂದು ವಿಮಾ ಕಂಪೆನಿಗಳು ಹಣ ಕೊಡಲೊಪ್ಪದೆ ವಾದಿಸಿದ ಮೊಕದ್ದಮೆಗಳು ಅನೇಕ. 2004ರಲ್ಲಿ ಸ್ವರಣ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ವಿವರವಾಗಿ ವಿಚಾರಿಸಿತು. ಲೈಸೆನ್ಸಿಲ್ಲವೆಂಬಷ್ಟರಿಂದಲೇ ಕಂಪೆನಿಯು ನೊಂದವರ ಮುಂದೆ ಹೊಣೆಯಿಂದ ಪಾರಾಗದು. ಯೋಗ್ಯನಾದ ಚಾಲಕನ ಕೈಗೆ ವಾಹನವನ್ನು ಕೊಡುವುದರಲ್ಲಿ ಯಜಮಾನನು ಎಚ್ಚರ ತಪ್ಪಿದನೆಂದು ಅದು ಸಾಧಿಸಬೇಕು. ಹಾಗೆ ಸಾಧಿಸಿದಲ್ಲಿ, ನೊಂದವರಿಗೆ ಕೊಟ್ಟ ಹಣವನ್ನು ಅವನಿಂದ ವಸೂಲು ಮಾಡಿಕೊಳ್ಳಲು ನ್ಯಾಯಾಧಿಕರಣವು ಅಪ್ಪಣೆ ಕೊಡಬಹುದು.