ರಾಯನ ಎಣ್ಣೆಸ್ನಾನ, ಕೆರೆಯ ಕೂಲಿ: ಸೆಲ್ಫ್ ಕೇರ್‌ಗೆ ಟೈಮ್ ಯಾರಿಗಿತ್ತು?

‘ಸೆಲ್ಫ್ ಕೇರ್’ ಅಂತ ಫೋನಿನಲ್ಲಿ ಹುಡುಕಿದರೆ ಏನು ಬರುತ್ತೆ ಹೇಳಿ? ಫೇಸ್ ಮಾಸ್ಕು, ಮಸಾಜ್ ಪ್ಯಾಕೇಜು, ವೀಕೆಂಡ್ ಯೋಗ. ಎಲ್ಲವೂ ಯಾವಾಗಲೋ ಒಮ್ಮೆ, ದುಡ್ಡು ಕೊಟ್ಟು ಮಾಡಿಸಿಕೊಳ್ಳುವಂಥವು. ದಿನಾ ಮಾಡೋದು ಹೇಗೆ? ಅದಕ್ಕೆ ನಿಜವಾಗಿ ಏನೇನು ಬೇಕು? ಈ ಪ್ರಶ್ನೆ ಇಟ್ಟುಕೊಂಡು ಇವತ್ತು ಹಂಪಿ, ಹೊಸಪೇಟೆ, ಕಂಪ್ಲಿ, ಸಂಡೂರು ಸುತ್ತಿ ಬರೋಣ. ಶುರು ಮಾಡೋದು 500 ವರ್ಷ ಹಿಂದಿನಿಂದ.

ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. 1520ರ ಆಸುಪಾಸಿನಲ್ಲಿ ಡೊಮಿಂಗೊ ಪೇಸ್ ಅನ್ನುವ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದಿದ್ದ. ರಾಯ ಮಧ್ಯಮ ಎತ್ತರದವನು, ಸ್ವಲ್ಪ ದಪ್ಪ ಮೈ, ಮುಖದ ಮೇಲೆ ಸಿಡುಬಿನ ಕಲೆಗಳು ಅಂತ ಬರೆದಿಟ್ಟವನು ಅವನೇ. ಸಿನಿಮಾದ ರಾಜನ ಥರ ಅಲ್ಲ, ಕಾಯಿಲೆ ದಾಟಿ ಬಂದ ಒಬ್ಬ ಮನುಷ್ಯನ ಥರ.

ಅದೇ ಪೇಸ್ ರಾಯನ ದಿನಚರಿಯನ್ನೂ ದಾಖಲಿಸಿದ್ದಾನೆ. ಬೆಳಕು ಹರಿಯುವ ಮೊದಲೇ ರಾಯ ಎಳ್ಳೆಣ್ಣೆ ಕುಡಿಯುತ್ತಿದ್ದ. ಎಷ್ಟು? ಮುಕ್ಕಾಲು ಪಿಂಟ್, ಅಂದರೆ 400 ಮಿಲಿಲೀಟರ್ ಹತ್ತಿರ. ದಯವಿಟ್ಟು ನೀವು ಟ್ರೈ ಮಾಡಬೇಡಿ! ಆಮೇಲೆ ಮೈಗೆಲ್ಲ ಅದೇ ಎಣ್ಣೆ. ಸೊಂಟಕ್ಕೆ ಸಣ್ಣ ಬಟ್ಟೆ ಸುತ್ತಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತುವುದು. ಹಚ್ಚಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ವರಸೆ. ಒಬ್ಬ ಜಟ್ಟಿಯ ಜೊತೆ ಕುಸ್ತಿ. ಕೊನೆಗೆ ಕುದುರೆ ಹತ್ತಿ ಬಯಲಿನಲ್ಲಿ ಓಟ. ಇಷ್ಟಾದಾಗ ಬೆಳಗಾಗುತ್ತಿತ್ತು. ಸ್ನಾನ, ಪೂಜೆ ಮುಗಿಸಿ, ಆಮೇಲಷ್ಟೇ ರಾಜ್ಯದ ಕೆಲಸ.

ಇದರಲ್ಲಿ ನನಗೆ ಮುಖ್ಯ ಅನ್ನಿಸೋದು ಎಣ್ಣೆ ಅಲ್ಲ, ಅನುಕ್ರಮ. ‘ಇವತ್ತು ವ್ಯಾಯಾಮ ಮಾಡಲಾ ಬೇಡವಾ’ ಅನ್ನುವ ಯೋಚನೆಗೆ ಅಲ್ಲಿ ಜಾಗವೇ ಇಲ್ಲ. ಒಂದು ಮುಗಿದರೆ ಇನ್ನೊಂದು. ಮಂತ್ರಿಗಳು, ದಂಡನಾಯಕರು, ದೂರು, ಲೆಕ್ಕ ಯಾವುದೂ ಶುರುವಾಗುವ ಮೊದಲೇ ಮೈಯ ಕೆಲಸ ಮುಗಿದಿರುತ್ತಿತ್ತು. ಇದು ರಾಯ ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಅವನಿಗಿಂತ ಎಷ್ಟೋ ಶತಮಾನ ಹಿಂದೆ ವಾಗ್ಭಟ ಬರೆದ ‘ಅಷ್ಟಾಂಗಹೃದಯ’ದಲ್ಲಿ ‘ದಿನಚರ್ಯೆ’ ಅಂತಲೇ ಒಂದು ಅಧ್ಯಾಯ ಇದೆ. ನಸುಕಿನಲ್ಲಿ ಏಳುವುದು, ಎಣ್ಣೆ ಹಚ್ಚಿಕೊಳ್ಳುವುದು, ವ್ಯಾಯಾಮ, ಸ್ನಾನ ಎಲ್ಲವೂ ಅಲ್ಲಿವೆ. ನಮ್ಮ ಮನೆಗಳ ಎಣ್ಣೆನೀರು, ದೀಪಾವಳಿಯ ನೀರು ತುಂಬುವ ಹಬ್ಬ, ಗರಡಿಮನೆಯ ಕೆಂಪು ಮಣ್ಣು, ಇವೆಲ್ಲ ಅದೇ ಬಳಗ.

ಆದರೆ ಸ್ನಾನಕ್ಕೆ ಮೊದಲು ನೀರು ಬರಬೇಕಲ್ವಾ? ಹಂಪಿಯ ಬಂಡೆಗಳ ಮೇಲೆ ನೀರು ತಾನಾಗಿ ನಿಲ್ಲುವುದಿಲ್ಲ. ರಾಜರ ಆವರಣದಲ್ಲಿ ಕಲ್ಲಿನ ಕಂಬಗಳ ಮೇಲೆ ಸಾಗುವ ನೀರಿನ ಕಾಲುವೆ ಈಗಲೂ ನೋಡಬಹುದು. ಮೆಟ್ಟಿಲುಗಳ ಪುಷ್ಕರಣಿ, ಸ್ವಲ್ಪ ಆಚೆ ರಾಣಿಯ ಸ್ನಾನಗೃಹ. ತುಂಗಭದ್ರೆಯಿಂದ ತಿರುಗಿಸಿದ ತುರ್ತಾ, ಬಸವಣ್ಣ, ಕಂಪ್ಲಿ ಕಾಲುವೆಗಳು ಇವತ್ತಿಗೂ ಗದ್ದೆಗೆ ನೀರು ಕೊಡುತ್ತಿವೆ. ಕಂಪ್ಲಿಯ ಭತ್ತ, ಹೊಸಪೇಟೆಯ ಬಾಳೆ ನೋಡಿದ್ದೀರಲ್ಲ, ಅದರ ಹಿಂದೆ ಈ ಹಳೇ ಕಾಲುವೆಗಳಿವೆ.

ಈ ನೀರಿಗೆ ಬೆಲೆ ಕೊಟ್ಟವರು ಯಾರು? ಅದಕ್ಕೆ ಹೊಸಪೇಟೆಗೆ ಬರಬೇಕು. ಆಗ ಅದರ ಹೆಸರು ನಾಗಲಾಪುರ, ರಾಯ ಕಟ್ಟಿಸಿದ ಹೊಸ ಪಟ್ಟಣ. ಎರಡು ಗುಡ್ಡಗಳ ನಡುವೆ ಅವನು ಒಂದು ದೊಡ್ಡ ಕೆರೆ ಕಟ್ಟಿಸುತ್ತಿದ್ದಾಗ ಪೇಸ್ ಅಲ್ಲಿಗೂ ಹೋಗಿದ್ದ. 15ರಿಂದ 20 ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದರು, ಕಾಲಡಿಯ ನೆಲವೇ ಕಾಣುತ್ತಿರಲಿಲ್ಲ ಅಂತಾನೆ. ಏರಿ ಎರಡು ಮೂರು ಸಲ ಒಡೆಯಿತು. ಬಲಿ ಬೇಕು ಅಂತ ಬ್ರಾಹ್ಮಣರು ಹೇಳಿದರು. 60 ಮನುಷ್ಯರನ್ನು, ಜೊತೆಗೆ ಕುದುರೆ, ಕೋಣಗಳನ್ನು ಕಡಿಸಲು ರಾಯ ಆಜ್ಞೆ ಮಾಡಿದ ಅಂತ ಪೇಸ್ ಬರೆದಿದ್ದಾನೆ. ಕೆಲವು ವರ್ಷಗಳ ನಂತರ ಬಂದ ನ್ಯೂನಿಜ್, ಅವರು ಮರಣದಂಡನೆಗೆ ಅರ್ಹರಾದ ಕೈದಿಗಳು ಅನ್ನುತ್ತಾನೆ. ಹೊಸಪೇಟೆಯ ನೈಋತ್ಯಕ್ಕೆ, ಸಂಡೂರು ಗುಡ್ಡಗಳ ಕಣಿವೆಯ ಬಾಯಲ್ಲಿ ಹೆದ್ದಾರಿ ಯಾವ ದೊಡ್ಡ ಏರಿಯ ಮೇಲೆ ಹೋಗುತ್ತಿತ್ತೋ, ಅದೇ ಈ ಕೆರೆ ಇರಬಹುದು ಅಂತ 1900ರಲ್ಲಿ ರಾಬರ್ಟ್ ಸೀವೆಲ್ ಬರೆದ.

ರಾಯನ ಎಣ್ಣೆಸ್ನಾನವನ್ನು ಈಗ ಮತ್ತೊಮ್ಮೆ ನೋಡಿ. ಮೈ ಬೆವರಿಸುವುದು ಅವನಿಗೆ ಆರೋಗ್ಯ. ಕೆರೆಯಲ್ಲಿ ಮಣ್ಣು ಹೊತ್ತವನಿಗೂ ಬೆವರು ಬಂತು, ಭಾರ ಎತ್ತಿದ್ದೂ ಆಯಿತು. ಆದರೆ ಅದು ಆರೈಕೆ ಅಲ್ಲ, ದುಡಿಮೆ. ಎರಡರ ನಡುವಿನ ವ್ಯತ್ಯಾಸ ಒಂದೇ: ಆ ಹೊತ್ತು ಯಾರ ಕೈಯಲ್ಲಿತ್ತು ಅನ್ನೋದು.

ಅದಕ್ಕೇ ಕೊನೆಯ ನಿಲ್ದಾಣ ಸಂಡೂರು. ಅದೇ ಗುಡ್ಡಗಳ ಒಳಗೆ ಈಗ ಕಬ್ಬಿಣದ ಅದಿರಿನ ಗಣಿಗಳಿವೆ. ಲಾರಿ ಓಡುವ ರಸ್ತೆಯ ಬದಿಯಲ್ಲಿ ಮರದ ಎಲೆಯೂ ಕೆಂಪು, ಒಣಗಲು ಹಾಕಿದ ಬಟ್ಟೆಯೂ ಕೆಂಪು. ಇಲ್ಲಿ ದುಡಿದು ಬಂದವರಿಗೆ ‘ಬೇಗ ಎದ್ದು ಧ್ಯಾನ ಮಾಡಿ’ ಅನ್ನೋದು ಸುಲಭ. 1952ರ ಗಣಿ ಕಾಯ್ದೆ ಬೇರೆ ಮಾತು ಹೇಳಿತ್ತು: ವಾರಕ್ಕೆ ಆರು ದಿನಕ್ಕಿಂತ ಹೆಚ್ಚು ಕೆಲಸ ಇಲ್ಲ, ನೆಲದ ಮೇಲಿನ ಕೆಲಸಕ್ಕೆ ವಾರಕ್ಕೆ 48 ಗಂಟೆ ಮಿತಿ. ನನ್ನ ಪ್ರಕಾರ ಇದೂ ಸೆಲ್ಫ್ ಕೇರ್ ಇತಿಹಾಸದ ಒಂದು ಪುಟ. ರಾಜನಿಗೆ ಹುಟ್ಟಿನಿಂದ ಸಿಕ್ಕ ಬಿಡುವನ್ನು ಕಾರ್ಮಿಕರು ಹೋರಾಡಿ ಕಾನೂನಾಗಿ ಪಡೆಯಬೇಕಾಯಿತು. ಆ ಬಿಡುವು ನಿಜಕ್ಕೂ ಸಿಗ್ತಿದೆಯಾ ಅಂತ ಕೇಳುವುದೂ ಆರೈಕೆಯೇ.

ಹಾಗಾದರೆ ನಾವು ಮಾಡಬೇಕಾದ್ದೇನು? ರಾಯನಿಂದ ಒಂದು ಪಾಠ ತಗೋಬಹುದು: ದಿನದ ಗಲಾಟೆ ಶುರುವಾಗೋ ಮೊದಲು, ಫೋನ್ ಮುಟ್ಟೋ ಮೊದಲು, ಅರ್ಧ ಗಂಟೆ ನಿಮ್ಮ ಮೈಗೆ ಕೊಡಿ. ನಡೆಯೋದು, ಮೈ ಬಗ್ಗಿಸೋದು, ನಿಧಾನವಾಗಿ ಸ್ನಾನ ಮಾಡೋದು, ಏನಾದರೂ ಸರಿ. ದಿನಾ ಅದೇ ಹೊತ್ತು, ಅದೇ ಕ್ರಮ. ಕೆರೆಯಿಂದ ಇನ್ನೊಂದು ಪಾಠ: ನಿಮ್ಮ ಆ ಅರ್ಧ ಗಂಟೆಯನ್ನು ಯಾರು ಹೊರುತ್ತಿದ್ದಾರೆ ನೋಡಿ. ಹಬ್ಬದ ದಿನ ನಸುಕಿಗೆ ಎದ್ದು ಹಂಡೆಗೆ ಉರಿ ಹಾಕಿ, ಎಲ್ಲರ ತಲೆಗೂ ಎಣ್ಣೆ ಒತ್ತಿ, ಕೊನೆಗೆ ತಣ್ಣಗಾದ ನೀರಲ್ಲಿ ಸ್ನಾನ ಮಾಡೋರು ನಿಮ್ಮ ಮನೆಯಲ್ಲಿ ಯಾರು? ನಾಳೆಯಿಂದ ವಾರಕ್ಕೆ ಎರಡು ದಿನವಾದರೂ ಮೊದಲ ಬಿಸಿನೀರು ಅವರಿಗೆ ಹೋಗಲಿ, ಅಡುಗೆಮನೆ ನೀವು ನೋಡಿಕೊಳ್ಳಿ.

ಮುಂದಿನ ವಾರ ಸಿಗೋಣ.