ನಾಲೆಯ ನೀರಿಗೊಂದು ಲೆಕ್ಕ: ನೀರಾ ಕಣಿವೆಯಿಂದ ಮಂಡ್ಯದವರೆಗೆ

ಮಂಡ್ಯ ಎಂದ ಕೂಡಲೇ ನಮಗೆ ಹಸಿರು ಗದ್ದೆ, ಕಬ್ಬು, ಆಲೆಮನೆ ನೆನಪಾಗುತ್ತವೆ. ಆದರೆ ಅದು ಮೂಲತಃ ಬಯಲುಸೀಮೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಹೊಳೆಯ ಪಕ್ಕದ ಹಳೆಯ ನಾಲೆಗಳ ಬಯಲು ಮತ್ತು ಕೆರೆಗಳ ಹಿಂದಿನ ಗದ್ದೆ ಬಿಟ್ಟರೆ ಉಳಿದದ್ದು ರಾಗಿ, ಹುರುಳಿಯ ಹೊಲವಾಗಿತ್ತು. ಕನ್ನಂಬಾಡಿ ಕಟ್ಟೆ ಕಟ್ಟಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆ ನೀರನ್ನು ಹೊಲಗಳಿಗೆ ಹೇಗೆ ಹಂಚಬೇಕೆಂದು ಹಾಕಿದ ಲೆಕ್ಕದ ಕಥೆ ಅಷ್ಟಾಗಿ ಗೊತ್ತಿಲ್ಲ. ನಾವು ನೆಲೆಸಿರುವ ಕೆನಡಾಕ್ಕೂ ಅದರಲ್ಲಿ ಸಣ್ಣದೊಂದು ಪಾಲಿದೆ. ಈ ಲೇಖನದಲ್ಲಿ ಅದನ್ನು ಹೇಳಲು ಪ್ರಯತ್ನಿಸುತ್ತೇನೆ.

ನೀರಾ ನಾಲೆಯ ಪಾಠ

ಕಥೆ ಶುರುವಾಗುವುದು ಪುಣೆ ಜಿಲ್ಲೆಯಲ್ಲಿ. 1876–78ರ ಭೀಕರ ಬರಗಾಲದ ನಂತರದ ವರ್ಷಗಳಲ್ಲಿ ಮುಂಬಯಿ ಪ್ರಾಂತ್ಯದ ಸರ್ಕಾರ ದಖ್ಖನ್ನಿನ ಒಣ ಪ್ರದೇಶಕ್ಕೆ ನಾಲೆಗಳನ್ನು ತೋಡಿಸಿತು. ಭಾಟಘರ್ ಜಲಾಶಯದ ನೀರು ಹರಿಯುವ ನೀರಾ ಎಡದಂಡೆ ನಾಲೆ ಅವುಗಳಲ್ಲೊಂದು. ಬರ ಬಂದಾಗ ಜನರ ಬೆಳೆ ಉಳಿಸುವುದು ಅದರ ಉದ್ದೇಶ. ಆದರೆ ಮಳೆ ಚೆನ್ನಾಗಿ ಬಂದ ವರ್ಷ ಜೋಳ, ಸಜ್ಜೆ ಬೆಳೆಯುವವನಿಗೆ ನಾಲೆಯ ನೀರು ಬೇಡ. ಮಳೆ ಕೈಕೊಟ್ಟ ವರ್ಷ ಎಲ್ಲರಿಗೂ ಒಂದೇ ವಾರದಲ್ಲಿ ಬೇಕು. ವರ್ಷಪೂರ್ತಿ ನೀರು ಕೊಂಡು ಕಂದಾಯ ಕಟ್ಟುತ್ತಿದ್ದವರು ಕಬ್ಬಿನ ರೈತರು. ಹೀಗೆ ಬರಕ್ಕೆಂದು ಕಟ್ಟಿದ ನಾಲೆ ಕಬ್ಬಿನ ನಾಲೆಯಾಯಿತು.

ಕಬ್ಬಿನ ತುಂಡುಗಳು ಅಲ್ಲೊಂದು ಇಲ್ಲೊಂದು ಚದುರಿದ್ದವು. ಅವುಗಳಿಗಾಗಿ ಉದ್ದುದ್ದ ಕಾಲುವೆಗಳಲ್ಲಿ ಸದಾ ನೀರು ಹರಿಯಬೇಕು. ದಾರಿಯಲ್ಲೇ ಬಹಳಷ್ಟು ಇಂಗಿಹೋಗುತ್ತಿತ್ತು. ಕಪ್ಪು ಎರೆಮಣ್ಣಿನಲ್ಲಿ ಹೀಗೆ ಇಂಗಿದ ನೀರು ಬೇಗ ಬಸಿದು ಹೋಗುವುದಿಲ್ಲ. ಅಂತರ್ಜಲ ಮೇಲೇರಿ, ಬಿಸಿಲಿಗೆ ನೀರು ಆವಿಯಾಗಿ, ಉಪ್ಪು ಮಾತ್ರ ಮೇಲ್ಪದರದಲ್ಲಿ ಉಳಿಯುತ್ತದೆ. ಚೌಳು ಭೂಮಿ ಹುಟ್ಟುವುದು ಹೀಗೆ. ಪುಣೆ ಕೃಷಿ ಕಾಲೇಜಿನ ಹೆರಾಲ್ಡ್ ಮ್ಯಾನ್ ಮತ್ತು ತಮ್ಹಾಣೆ 1910ರಲ್ಲಿ ನೀರಾ ಕಣಿವೆಯ ಈ ಚೌಳು ಭೂಮಿಯ ಬಗ್ಗೆಯೇ ವರದಿ ಬರೆದರು. ಬರಗಾಲದ ಸೀಮೆಯಲ್ಲಿ ನೆಲ ನೀರು ಹೆಚ್ಚಾಗಿ ಹಾಳಾಗಿತ್ತು.

ಆ ಹೊತ್ತಿಗಾಗಲೇ, ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಪುಣೆಯಲ್ಲಿ ಎಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯನವರು ಬ್ಲಾಕ್ ಪದ್ಧತಿಯನ್ನು ಮುಂದಿಟ್ಟಿದ್ದರು. ನೀರು ಕೊಡುವ ಭೂಮಿಯನ್ನು ಚದುರಿಸದೆ ಒಂದೆಡೆ ಬ್ಲಾಕ್‌ಗಳಾಗಿ ಗುರುತಿಸುವುದು. ಪ್ರತಿ ಬ್ಲಾಕಿನಲ್ಲಿ ಒಂದು ಭಾಗಕ್ಕೆ ಮಾತ್ರ ಕಬ್ಬು, ಉಳಿದ ಭಾಗಗಳಿಗೆ ಭತ್ತ ಮತ್ತು ಕಡಿಮೆ ನೀರಿನ ಬೆಳೆ. ವರ್ಷವರ್ಷವೂ ಅವುಗಳ ಜಾಗ ಬದಲಿಸುವುದು. ರೈತನಿಗೆ ನೀರಿನ ಮಂಜೂರಾತಿ ಒಂದು ಬೆಳೆಗಲ್ಲ, ಹಲವು ವರ್ಷಗಳಿಗೆ.

ಇದು ಎರಡೂ ಕಡೆಯವರ ಒಪ್ಪಂದ. ಇಡೀ ಹೊಲಕ್ಕೆ ಕಬ್ಬು ಹಾಕುವ ಆಸೆಯನ್ನು ರೈತ ಬಿಟ್ಟುಕೊಡಬೇಕು. ಪ್ರತಿಯಾಗಿ, ನಿನ್ನ ಸರದಿಗೆ ನೀರು ಬಂದೇ ಬರುತ್ತದೆ ಎಂಬ ಖಾತರಿಯನ್ನು ಸರ್ಕಾರ ಕೊಡಬೇಕು. ಮುಂದೆ ನಡೆದದ್ದನ್ನೆಲ್ಲ ಅರ್ಥಮಾಡಿಕೊಳ್ಳಲು ಈ ಒಪ್ಪಂದವೇ ಕೀಲಿಕೈ ಎಂದು ನನಗನ್ನಿಸುತ್ತದೆ.

ಕಾವೇರಿ ನಾಲೆ ಮತ್ತು ಕೋಲ್ಮನ್

ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿಯ ಕೆಲಸ ಶುರುವಾಯಿತು. 1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. ಮಂಡ್ಯಕ್ಕೆ ನೀರು ತರುವ ದೊಡ್ಡ ನಾಲೆ ಸಿದ್ಧವಾದದ್ದು ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ. ಹುಲಿಕೆರೆಯ ಬಳಿ ಸುರಂಗ ಕೊರೆದು ನೀರನ್ನು ಆಚೆ ದಾಟಿಸಿದರು. ಇರ್ವಿನ್ ನಾಲೆ ಎಂದು ಕರೆಯುತ್ತಿದ್ದ ಇದೇ ಇಂದಿನ ವಿಶ್ವೇಶ್ವರಯ್ಯ ನಾಲೆ. ಬ್ಲಾಕ್ ಪದ್ಧತಿಯ ತತ್ವ ಇಲ್ಲಿಗೂ ಬಂತು: ಮೂರರಲ್ಲೊಂದು ಪಾಲು ಭತ್ತ, ಒಂದು ಪಾಲು ಕಬ್ಬು, ಒಂದು ಪಾಲು ರಾಗಿಯಂಥ ಅರೆ ಖುಷ್ಕಿ ಬೆಳೆ, ಸರದಿಯ ಮೇಲೆ.

ಇಷ್ಟು ಬಿಗಿ ಏಕೆ ಬೇಕಿತ್ತು? ಒಂದು ಕ್ಯುಸೆಕ್ ನೀರು ಇಡೀ ಹಗಲು ರಾತ್ರಿ ಹರಿದರೆ ಸುಮಾರು 24 ಎಕರೆಯ ಮೇಲೆ ಒಂದು ಅಂಗುಲ ನಿಲ್ಲುತ್ತದೆ. ಕಬ್ಬಿಗೆ ಅದರ ಅವಧಿಯಲ್ಲಿ ಬೇಕಾಗುವ ನೀರು 1500ರಿಂದ 2500 ಮಿಲಿಮೀಟರ್, ಅಂದರೆ 60ರಿಂದ 100 ಅಂಗುಲ. ಅದರಲ್ಲಿ ಮಳೆ ಕೊಡುವುದು ಹೆಚ್ಚೆಂದರೆ 28 ಅಂಗುಲ. ಉಳಿದದ್ದನ್ನು ನಾಲೆ ಕೊಡಬೇಕು. ರಾಗಿಗೆ ಇದರ ಸಣ್ಣ ಪಾಲು ಸಾಕು. ಹಾಗಾಗಿ ಮೇಲ್ಭಾಗದಲ್ಲಿ ಒಂದು ಎಕರೆ ಕಬ್ಬು ಹೆಚ್ಚಾದರೆ ಕೊನೆಭಾಗದಲ್ಲಿ ಹಲವು ಎಕರೆ ರಾಗಿಗೆ ನೀರಿಲ್ಲ.

ಇಲ್ಲಿ ಕೆನಡಾದವರೊಬ್ಬರನ್ನು ನೆನೆಯಬೇಕು. ಲೆಸ್ಲಿ ಕೋಲ್ಮನ್ 1878ರಲ್ಲಿ ಒಂಟಾರಿಯೋದಲ್ಲಿ ಹುಟ್ಟಿ, ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಅವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತೋರಿಸಿಕೊಟ್ಟವರು. ಕೃಷಿ ಇಲಾಖೆಯ ನಿರ್ದೇಶಕರಾಗಿ 1934ರವರೆಗೆ ದುಡಿದರು. ನಾಲೆ ಬಂದ ಮೇಲೆ ಖುಷ್ಕಿ ರೈತ ಏನು ಬೆಳೆಯಬೇಕು, ಬೆಳೆದದ್ದನ್ನು ಯಾರು ಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಅವರು ಮುಖ್ಯರು. ಮಂಡ್ಯದ ಸಕ್ಕರೆ ಕಾರ್ಖಾನೆ 1933ರಲ್ಲಿ ಸ್ಥಾಪನೆಯಾದುದರ ಹಿಂದೆ ಅವರ ಶ್ರಮವಿದೆ.

ಕಾರ್ಖಾನೆ ಬಂದ ಮೇಲೆ ಕಬ್ಬಿಗೆ ಖಚಿತ ಬೆಲೆ ಬಂತು, ಆಸೆಯೂ ಬಂತು. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಾನವಶಾಸ್ತ್ರಜ್ಞೆ ಮಂಡ್ಯದ ಸುತ್ತಿನ ಎರಡು ಹಳ್ಳಿಗಳಲ್ಲಿ ವಾಸವಿದ್ದು ಅಧ್ಯಯನ ಮಾಡಿದರು. ಒಂದಕ್ಕೆ ನಾಲೆಯ ನೀರು ಬಂದಿತ್ತು. ಇನ್ನೊಂದು ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದು ಒಣಗಿಯೇ ಉಳಿದಿತ್ತು. ನೀರು ಬಂದ ಊರು ಬೇಸಾಯದಲ್ಲೇ ನೆಮ್ಮದಿ ಕಂಡಿತು. ಬಾರದ ಊರಿನವರು ಪೇಟೆಯ ಕೆಲಸ, ವ್ಯಾಪಾರದ ಕಡೆ ಹೊರಳಿದರು. ನೆಲದ ಕೆಲವೇ ಅಡಿಗಳ ಏರಿಳಿತ ಎರಡು ಊರುಗಳ ಬದುಕನ್ನು ಬೇರೆ ದಾರಿಗೆ ಹಚ್ಚಿತ್ತು.

ನಿಂತ ನೀರಿನ ಜ್ವರ

ವೈದ್ಯನಾದ ನನಗೆ ಈ ಚರಿತ್ರೆಯ ಇನ್ನೊಂದು ಮುಖವೂ ಕಾಣುತ್ತದೆ. ನಾಲೆ ಹೋದಲ್ಲೆಲ್ಲ ಜೌಗು, ಜೌಗಿನ ಹಿಂದೆಯೇ ಮಲೇರಿಯಾ. ಮೈಸೂರು ಸರ್ಕಾರ 1920ರ ದಶಕದ ಕೊನೆಯಲ್ಲೇ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಆರಂಭಿಸಿತ್ತು. ಅದೇ ಪ್ರತಿಷ್ಠಾನದ ಡಾ. ಪಾಲ್ ರಸೆಲ್ ಮತ್ತು ಸಂಗಡಿಗರು ತಮಿಳುನಾಡಿನ ಪಟ್ಟುಕ್ಕೋಟ್ಟೈಯಲ್ಲಿ, ಇದೇ ಕಾವೇರಿಯ ನೀರು ಹರಿಯುವ ಗದ್ದೆಗಳಲ್ಲಿ, ಒಂದು ಪ್ರಯೋಗ ಮಾಡಿ 1942ರಲ್ಲಿ ಪ್ರಕಟಿಸಿದರು. ಭತ್ತದ ಗದ್ದೆಗೆ ಸದಾ ನೀರು ನಿಲ್ಲಿಸದೆ, ನಡುನಡುವೆ ಒಣಗಲು ಬಿಡುವುದು. ಮರಿ ಸೊಳ್ಳೆಯಾಗುವ ಮೊದಲೇ ನೀರು ಆರಿಹೋದರೆ ಅದು ಸಾಯುತ್ತದೆ.

ರೋಗ ತಡೆಯಲು ಹೊರಟ ಈ ಉಪಾಯದಂಥದ್ದೇ ಇಂದು ನೀರು ಉಳಿಸುವ ಉಪಾಯವಾಗಿ ಮತ್ತೆ ಬಂದಿದೆ. ಗದ್ದೆಯನ್ನು ಸರದಿಯಲ್ಲಿ ನೆನೆಸಿ ಒಣಗಿಸುವ ಕ್ರಮದಿಂದ ಶೇಕಡ 30ರವರೆಗೂ ನೀರು ಉಳಿಸಬಹುದೆಂದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳುತ್ತದೆ. ಜಲಾಶಯದಲ್ಲಿ ನೀರು ಕಡಿಮೆಯಾದ ವರ್ಷ ಮಂಡ್ಯದ ನಾಲೆಗಳಿಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುವುದೂ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕ್ರಮವೇ.

ಖಾತರಿ ಮೊದಲು, ಮಿತವ್ಯಯ ಆಮೇಲೆ

ಮೂರು ಬೆಳೆಗಳ ಆ ಸರದಿ ಕಾಲಕ್ರಮೇಣ ಸಡಿಲವಾಯಿತು. ಇಂದು ಅಚ್ಚುಕಟ್ಟಿನ ತುಂಬ ಭತ್ತ, ಕಬ್ಬು. ಮದ್ದೂರು, ಮಳವಳ್ಳಿ ಕಡೆಯ ಕೊನೆಭಾಗದ ರೈತರು ನೀರಿಗಾಗಿ ಕಾಯುತ್ತಾರೆ. ಮೇಲ್ಭಾಗದವರ ದುರಾಸೆ ಎಂದು ಬೈಯುವುದು ಸುಲಭ. ಆದರೆ ಮುಂದಿನ ನೀರು ಯಾವಾಗ ಬರುತ್ತದೆಂದು ಗೊತ್ತಿಲ್ಲದವನು ಬಂದಾಗಲೇ ಗದ್ದೆ ತುಂಬಿಸಿಕೊಳ್ಳುತ್ತಾನೆ. ಮುಂದಿನ ತಿಂಗಳು ಮಾತ್ರೆ ಸಿಗುವುದೋ ಇಲ್ಲವೋ ಎಂಬ ಅನುಮಾನವಿರುವ ರೋಗಿ ಮನೆಯಲ್ಲಿ ಕೂಡಿಟ್ಟುಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವರಿಗೆ ಉಪದೇಶ ನಾಟುವುದಿಲ್ಲ. ಔಷಧಿ ಸರಿಯಾಗಿ ಸಿಗತೊಡಗಿದರೆ ಕೂಡಿಡುವುದು ತಾನೇ ನಿಲ್ಲುತ್ತದೆ.

ಈಗ ಹನಿ ನೀರಾವರಿ ಬಂದಿದೆ. ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯ ರಾಮಥಾಳ ಯೋಜನೆಯನ್ನು 24,000 ಹೆಕ್ಟೇರ್ ಭೂಮಿಗೆ ಹನಿ ನೀರು ಕೊಡಲೆಂದೇ ರೂಪಿಸಲಾಯಿತು. ಉಪಕರಣ ಹೊಸದು, ಷರತ್ತು ಹಳೆಯದೇ. ಹೇಳಿದ ದಿನ, ಹೇಳಿದಷ್ಟು ನೀರು ಪೈಪಿನಲ್ಲಿ ಬಂದರೆ ಮಾತ್ರ ರೈತ ಅದನ್ನು ನಂಬಿ ಬಿತ್ತುತ್ತಾನೆ.

ನಮ್ಮಲ್ಲಿ ಹಲವರಿಗೆ ಊರಿನಲ್ಲಿ ಇನ್ನೂ ಜಮೀನಿದೆ, ಅಣ್ಣತಮ್ಮಂದಿರು ಬೇಸಾಯ ಮಾಡುತ್ತಿದ್ದಾರೆ. ಊರಿನ ದೇವಸ್ಥಾನಕ್ಕೆ, ಶಾಲೆಗೆ ನಾವು ಹಣ ಕಳಿಸುತ್ತೇವೆ. ಮುಂದಿನ ಸಲ ಹೋದಾಗ ಊರಿನ ನೀರು ಬಳಕೆದಾರರ ಸಂಘದವರನ್ನೂ ಮಾತನಾಡಿಸೋಣ. ಉಪನಾಲೆಯ ತೂಬಿನ ಬಳಿ ನೀರಳೆಯುವ ಪಟ್ಟಿ ಇದೆಯೇ, ಯಾರ ಸರದಿ ಯಾವ ದಿನ ಎಂದು ಬರೆದ ಫಲಕ ಇದೆಯೇ ಎಂದು ಕೇಳೋಣ. ಇಲ್ಲವಾದರೆ ಅದಕ್ಕೆ ತಗಲುವ ಖರ್ಚು ನಮಗೆ ಹೆಚ್ಚಿನದಲ್ಲ. ಕೊನೆಭಾಗದ ಹೊಲದವನಿಗೆ ತನ್ನ ದಿನ ಯಾವುದೆಂದು ಮೊದಲೇ ತಿಳಿದರೆ, ರಾಗಿಯೋ ಭತ್ತವೋ ಎಂಬುದನ್ನು ಅವನು ಧೈರ್ಯವಾಗಿ ತೀರ್ಮಾನಿಸಬಲ್ಲ.