ವೆನಿಲ್ಲಾ

ವೆನಿಲ್ಲಾ: ಆರ್ಕಿಡೇಸೀ (ಸೀತಾಳೆ) ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಬಳ್ಳಿ. ಅದರ ಕೋಡನ್ನು ಹದಗೊಳಿಸಿ ಪಡೆಯುವ ಸುವಾಸನಾದ್ರವ್ಯಕ್ಕೂ ಇದೇ ಹೆಸರು. ಶಾಸ್ತ್ರೀಯ ನಾಮ ವೆನಿಲ್ಲಾ ಪ್ಲಾನಿಫೋಲಿಯಾ. ಸೀತಾಳೆ ಕುಟುಂಬದಲ್ಲಿ ಸಾವಿರಾರು ಪ್ರಭೇದಗಳಿದ್ದರೂ ಅಡುಗೆಗಾಗಿ ದೊಡ್ಡ ಪ್ರಮಾಣದಲ್ಲಿ ಬೆಳೆಯುವುದು ವೆನಿಲ್ಲಾವನ್ನು ಮಾತ್ರ. ಸಾಂಬಾರ ಪದಾರ್ಥಗಳಲ್ಲಿ ಬೆಲೆಯ ಲೆಕ್ಕಕ್ಕೆ ಸಾಮಾನ್ಯವಾಗಿ ಕೇಸರಿಯ ನಂತರದ ಸ್ಥಾನ ಇದರದು. ತವರಿನಿಂದ ಹೊರಗೆ ಈ ಬಳ್ಳಿ ತಾನಾಗಿ ಕಾಯಿ ಕಚ್ಚುವುದಿಲ್ಲ. ಕಚ್ಚಿದ ಕಾಯಿ ಬಳ್ಳಿಯಲ್ಲಿ ಹಸಿರಾಗಿರುವಷ್ಟು ಕಾಲ ಘಮಿಸುವುದೂ ಇಲ್ಲ. ಎರಡಕ್ಕೂ ಮನುಷ್ಯರ ಕೈ ಬೇಕು. ಬೆಲೆಯ ಬಹುಪಾಲು ಈ ಕೈಕೆಲಸದ್ದು.

ತವರು ಮೆಕ್ಸಿಕೊದ ಪೂರ್ವ ಕರಾವಳಿ, ಮುಖ್ಯವಾಗಿ ವೆರಕ್ರೂಸ್ ಪ್ರಾಂತದ ತೇವದ ಕಾಡುಗಳು. ಪಾಪಾಂತ್ಲಾ ಸುತ್ತಲಿನ ತೊತೊನಾಕ್ ಜನ ಇದನ್ನು ಬಹುಕಾಲದಿಂದ ಬಲ್ಲವರು. ಅವರನ್ನು ಗೆದ್ದ ಆಜ್ಟೆಕರು ಕೋಡನ್ನು ಕಪ್ಪವಾಗಿ ಪಡೆದು ಕೋಕೋ ಪಾನೀಯಕ್ಕೆ ಬೆರೆಸುತ್ತಿದ್ದರು. ಆಜ್ಟೆಕರ ನಹುವಾತ್ಲ್ ಭಾಷೆಯಲ್ಲಿ ಇದಕ್ಕೆ ‘ತ್ಲಿಲ್‌ಶೋಚಿತ್ಲ್’, ಅಂದರೆ ಕರಿಹೂವು ಎಂದು ಹೆಸರು. ಹೂವಿನ ಬಣ್ಣ ಹಸಿರುಮಿಶ್ರಿತ ತಿಳಿಹಳದಿ. ಕಪ್ಪಗಿರುವುದು ಒಣಗಿಸಿದ ಕೋಡು. ಹೆಸರಿಟ್ಟವರು ಬಳ್ಳಿಯನ್ನು ಕಾಣದೆ ಸಂತೆಗೆ ಬಂದ ಮಾಲನ್ನಷ್ಟೇ ಕಂಡಿದ್ದರೇನೋ ಎನಿಸುತ್ತದೆ. 1552ರಲ್ಲಿ ಆಜ್ಟೆಕ್ ವೈದ್ಯ ಮಾರ್ಟಿನ್ ದೆ ಲಾ ಕ್ರೂಸ್ ರಚಿಸಿದ ಮೂಲಿಕೆಗಳ ಹಸ್ತಪ್ರತಿಯಲ್ಲಿ ಈ ಬಳ್ಳಿಯ ಚಿತ್ರವಿದೆ. ಕತ್ತಿಯ ಒರೆಗೂ ಗಿಡದ ಕೋಡಿಗೂ ಒಂದೇ ಪದ ಬಳಸುವ ಸ್ಪೇನಿನವರು ಇದನ್ನು ‘ಪುಟ್ಟ ಒರೆ’ ಎಂದು ಕರೆದರು. ಇಂದಿನ ಹೆಸರು ಅದರಿಂದ ಬಂದುದು. ಯುರೋಪಿನಲ್ಲೂ ವೆನಿಲ್ಲಾ ಮೊದಮೊದಲು ಚಾಕೊಲೇಟಿನ ಬಾಲ ಹಿಡಿದೇ ಓಡಾಡಿತು. ಅದನ್ನು ಬಿಡಿಯಾಗಿ ಬಳಸಬಹುದೆಂದು 1602ರ ಸುಮಾರಿಗೆ ತೋರಿಸಿದವನು ಇಂಗ್ಲೆಂಡಿನ ಒಂದನೆಯ ಎಲಿಜಬೆತ್ ರಾಣಿಯ ಔಷಧಿಕಾರ ಹ್ಯೂ ಮಾರ್ಗನ್.

ಆಮೇಲೂ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ವೆನಿಲ್ಲಾ ಎಂದರೆ ಮೆಕ್ಸಿಕೊ ಎಂದೇ ಆಗಿತ್ತು. ಬಳ್ಳಿಯ ತುಂಡುಗಳು ಯುರೋಪಿನ ಗಾಜಿನ ಮನೆಗಳನ್ನೂ ಅಲ್ಲಿಂದ ವಸಾಹತುಗಳನ್ನೂ ಸೇರಿದವು, ಚಿಗುರಿದವು, ಹೂವನ್ನೂ ಬಿಟ್ಟವು. ಕಾಯಿ ಮಾತ್ರ ಇಲ್ಲ. ಹೂವಿನೊಳಗೆ ಪರಾಗಕ್ಕೂ ಶಲಾಕಾಗ್ರಕ್ಕೂ ನಡುವೆ ಒಂದು ತೆಳುಪೊರೆ ತೆರೆಯಂತೆ ಇಳಿಬಿದ್ದಿರುತ್ತದೆ. ಅದನ್ನು ದಾಟಿಸಬಲ್ಲ ಜೇನ್ನೊಣಗಳು ಅಮೆರಿಕದ ಕಾಡುಗಳಲ್ಲೇ ಉಳಿದಿದ್ದವು. 1836ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ ಸಸ್ಯವಿಜ್ಞಾನಿ ಶಾರ್ಲ್ ಮೋರಾನ್ ಕೈಯಿಂದ ಪರಾಗಸ್ಪರ್ಶ ಮಾಡಿ ಕಾಯಿ ಬಿಡಿಸಿದ. ಅದು ಪ್ರಯೋಗವಾಗಿ ಸರಿ, ತೋಟದ ಕೆಲಸಕ್ಕೆ ಒಗ್ಗುವಂಥದ್ದಾಗಿರಲಿಲ್ಲ.

ತೋಟಕ್ಕೆ ಒಗ್ಗುವ ಉಪಾಯ ಹೊಳೆದದ್ದು ಹಿಂದೂ ಮಹಾಸಾಗರದ ಫ್ರೆಂಚ್ ದ್ವೀಪ ರೆಯೂನಿಯನ್‌ನಲ್ಲಿ, 1841ರಲ್ಲಿ. ಕಂಡುಹಿಡಿದವನು ಹನ್ನೆರಡು ವರ್ಷದ ಗುಲಾಮ ಹುಡುಗ ಎಡ್ಮಂಡ್. ಸೇಂಟ್ ಸುಜಾನ್ ಊರಿನ ಜಮೀನುದಾರ ಫೆರಿಯೋಲ್ ಬೆಲಿಯೇ ಬೋಮೊನ ತೋಟದಲ್ಲಿ, ಎಷ್ಟೋ ವರ್ಷ ಬಂಜೆಯಾಗಿದ್ದ ಬಳ್ಳಿಯಲ್ಲಿ ಕಾಯಿ ತೂಗುವುದನ್ನು ಕಂಡು ಒಡೆಯನೇ ಬೆರಗಾದನಂತೆ. ಸಣ್ಣ ಕಡ್ಡಿಯಿಂದ ಪೊರೆಯನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತುವುದು: ಹುಡುಗ ಮಾಡಿ ತೋರಿಸಿದ್ದು ಇಷ್ಟೆ. ಅವನನ್ನು ತೋಟದಿಂದ ತೋಟಕ್ಕೆ ಕರೆದೊಯ್ದು ಉಳಿದವರಿಗೆ ಕಲಿಸಿದರು. ದ್ವೀಪದಲ್ಲಿ ಈ ಕೆಲಸ ಮಾಡುವ ಹೆಂಗಸರಿಗೆ ‘ಮದುವೆ ಮಾಡಿಸುವವರು’ ಎಂಬರ್ಥದ ಹೆಸರೇ ಬಿತ್ತು. 1848ರಲ್ಲಿ ಗುಲಾಮಗಿರಿ ರದ್ದಾದಾಗ ಎಡ್ಮಂಡ್‌ಗೆ ಆಲ್ಬಿಯಸ್ ಎಂಬ ಕುಲನಾಮ ಸಿಕ್ಕಿತು, ಹಣ ಸಿಗಲಿಲ್ಲ. ಕಳ್ಳತನದ ಆರೋಪದಲ್ಲಿ ಸೆರೆಮನೆಯನ್ನೂ ಕಂಡ. ಈ ವಿಧಾನವನ್ನು ತಾನೇ ಹೇಳಿಕೊಟ್ಟೆನೆಂದು ಹೆಸರಾಂತ ಸಸ್ಯಶಾಸ್ತ್ರಜ್ಞನೊಬ್ಬ ಹಕ್ಕು ಸಾಧಿಸಲು ಬಂದಾಗ ಹುಡುಗನ ಪರ ಬರೆದು ನಿಂತವನು ಹಳೆಯ ಒಡೆಯನೇ. ಆಲ್ಬಿಯಸ್ 1880ರಲ್ಲಿ ಬಡತನದಲ್ಲೇ ತೀರಿಕೊಂಡ. ಅದೇ ಹೊತ್ತಿಗೆ ಬಳ್ಳಿ ರೆಯೂನಿಯನ್‌ನಿಂದ ಮಡಗಾಸ್ಕರ್‌ಗೆ ದಾಟಿ ನೆಲೆಯೂರುತ್ತಿತ್ತು. ಇಂದು ಜಗತ್ತಿನ ಅತಿ ದೊಡ್ಡ ಉತ್ಪಾದಕ ದೇಶ ಅದು. ಅಲ್ಲಿಯ ಅಂತಲಾಹಾದಲ್ಲೂ ನಮ್ಮ ಮಲೆನಾಡಿನಲ್ಲೂ ಇಂದಿಗೂ ನಡೆಯುವುದು ಆ ಹುಡುಗನ ವಿಧಾನವೇ.

ಬೇಸಾಯ ಬಳ್ಳಿಯ ತುಂಡಿನಿಂದ. ಆಧಾರಕ್ಕೆ ಗೊಬ್ಬರದ ಗಿಡ, ಹಾಲುವಾಣ ಅಥವಾ ಅಡಿಕೆ ಮರ. ಬುಡಕ್ಕೆ ತರಗೆಲೆಯ ಹೊದಿಕೆ, ಮೇಲೆ ಅರೆನೆರಳು, ಬೇರಿಗೆ ನೀರು ನಿಲ್ಲದ ನೆಲ. ಎಟುಕುವ ಎತ್ತರದಲ್ಲಿ ಬಳ್ಳಿಯನ್ನು ಬಾಗಿಸಿ ಇಳಿಬಿಡುತ್ತಾರೆ. ಮೂರನೆಯ ವರ್ಷದಿಂದ ಹೂವು. ಬೆಳಗಿನ ಜಾವ ಅರಳಿದ ಹೂವು ಮಧ್ಯಾಹ್ನಕ್ಕೆ ಬಾಡುತ್ತದೆ, ಆದ್ದರಿಂದ ಹೂಬಿಡುವ ತಿಂಗಳುಗಳಲ್ಲಿ ಬೆಳೆಗಾರನಿಗೆ ಮದುವೆ, ಮುಂಜಿ ಯಾವುದಕ್ಕೂ ಬೆಳಗ್ಗೆ ಬಿಡುವಿಲ್ಲ. ಗೊಂಚಲಿನಲ್ಲಿ ಇಪ್ಪತ್ತು ಮೊಗ್ಗಿದ್ದರೂ ಎಂಟು ಹತ್ತಕ್ಕಷ್ಟೇ ಪರಾಗಸ್ಪರ್ಶ ಮಾಡುವುದು ವಾಡಿಕೆ, ಇಲ್ಲವಾದರೆ ಬಳ್ಳಿ ಸೊರಗುತ್ತದೆ. ಕಾಯಿ ಬಲಿಯಲು ಸುಮಾರು ಒಂಬತ್ತು ತಿಂಗಳು. ತುದಿ ಹಳದಿಗೆ ತಿರುಗಿದಾಗ ಕೊಯ್ಯಬೇಕು. ತಡವಾದರೆ ಕೋಡು ಸೀಳುತ್ತದೆ, ಮುಂಚಿತವಾದರೆ ಪರಿಮಳ ಕೂಡುವುದಿಲ್ಲ. ಕಳ್ಳರ ಭಯಕ್ಕೆ ಎಳಸನ್ನೇ ಕೊಯ್ದು ಮಾಲು ಕೆಡಿಸಿಕೊಂಡವರು ಎಲ್ಲ ದೇಶಗಳಲ್ಲೂ ಇದ್ದಾರೆ. ಮಡಗಾಸ್ಕರ್‌ನ ರೈತರು ಹಸಿ ಕೋಡಿಗೆ ಸೂಜಿಯಿಂದ ಚುಚ್ಚಿ ತಮ್ಮ ಗುರುತು ಹಾಕುತ್ತಾರೆ. ಗುರುತು ಒಣಗಿದ ಮೇಲೂ ಅಳಿಯುವುದಿಲ್ಲ.

ಸಂಸ್ಕರಣೆ ಈ ಬೆಳೆಯ ಅರ್ಧ ಪ್ರಾಣ. ರೆಯೂನಿಯನ್‌ನಲ್ಲಿ ರೂಢಿಗೆ ಬಂದ ಕ್ರಮದಲ್ಲಿ ಬಲಿತ ಕೋಡನ್ನು 63ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಮೂರು ನಿಮಿಷದಷ್ಟು ಅದ್ದುತ್ತಾರೆ. ಇದಕ್ಕೆ ಕೋಡನ್ನು ‘ಕೊಲ್ಲುವುದು’ ಎಂದೇ ಹೆಸರು. ಜೀವಕೋಶ ಒಡೆದು, ಸಕ್ಕರೆಯ ಅಣುವಿಗೆ ಅಂಟಿಕೊಂಡು ವಾಸನೆಯಿಲ್ಲದೆ ಕುಳಿತಿದ್ದ ಗ್ಲೂಕೋವೆನಿಲಿನ್ ಮೇಲೆ ಕಿಣ್ವಗಳು ಕೆಲಸ ಶುರುಮಾಡುತ್ತವೆ. ವೆನಿಲಿನ್ ಬಿಡಿಸಿಕೊಂಡು ಹೊರಬರುತ್ತದೆ. ನೀರು ಅತಿ ಬಿಸಿಯಾದರೆ ಕಿಣ್ವವೇ ಸಾಯುತ್ತದೆ, ಮತ್ತೆ ಏನು ಮಾಡಿದರೂ ಘಮ ಬಾರದು. ಬಿಸಿ ಆರುವ ಮೊದಲೇ ಕಂಬಳಿಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿಟ್ಟು ಬೆವರಿಸುತ್ತಾರೆ. ಮರುದಿನದಿಂದ ಒಂದೆರಡು ವಾರ ಹಗಲು ಕೆಲ ಗಂಟೆ ಬಿಸಿಲು, ರಾತ್ರಿ ಮತ್ತೆ ಕಂಬಳಿ. ಬಳಿಕ ನೆರಳಿನಲ್ಲಿ ಹರಡುವುದು, ಬೆರಳುಗಳ ನಡುವೆ ನೀವಿ ನೇರ ಮಾಡುವುದು, ಬೂಷ್ಟು ಹಿಡಿದದ್ದನ್ನು ಬೇರ್ಪಡಿಸುವುದು. ಕಡೆಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಎರಡು ಮೂರು ತಿಂಗಳು ಮಾಗಬೇಕು. ಒಂದು ಕಿಲೋ ಹದವಾದ ಕೋಡಿಗೆ ಐದಾರು ಕಿಲೋ ಹಸಿಕೋಡು ಬೇಕು. ಒಳ್ಳೆಯ ಕೋಡು ಕಡುಕಂದು ಬಣ್ಣದ್ದು, ಎಣ್ಣೆಯ ಮಿರುಗಿನದು, ಬೆರಳಿಗೆ ಸುತ್ತಿದರೂ ಮುರಿಯದ್ದು.

ಇಂಥದನ್ನು ಗಾಳಿಯಾಡದ ಗಾಜಿನ ಭರಣಿಯಲ್ಲಿ, ಬೆಳಕು ತಾಗದಂತೆ ಇಟ್ಟರೆ ವರ್ಷ ಕಳೆದರೂ ಕೆಡದು. ಫ್ರಿಜ್ ಬೇಡ, ಅಲ್ಲಿ ಒಣಗಿ ಬಿರುಸಾಗುತ್ತದೆ, ಬೂಷ್ಟೂ ಹಿಡಿಯಬಹುದು. ಕೆಲವು ಕೋಡುಗಳ ಮೇಲೆ ಹಿಮದಂಥ ಸೂಜಿಹರಳು ಮೂಡುತ್ತವೆ. ಅದು ವೆನಿಲಿನ್, ಬೂಷ್ಟೆಂದು ತಿಳಿದು ಎಸೆದವರು ಬಹಳ. ಅಡುಗೆಗೆ ಕೋಡನ್ನು ಉದ್ದಕ್ಕೆ ಸೀಳಿ, ಚಾಕುವಿನ ಬೆನ್ನಿನಿಂದ ಕರಿಬೀಜಗಳನ್ನು ಕೆರೆದು, ಸಿಪ್ಪೆಯ ಸಮೇತ ಬಿಸಿಹಾಲಿಗೋ ಕೆನೆಗೋ ಹಾಕಿ ಮುಚ್ಚಿಡುತ್ತಾರೆ. ಪರಿಮಳ ಕೊಬ್ಬಿನಲ್ಲೂ ಮದ್ಯಸಾರದಲ್ಲೂ ಚೆನ್ನಾಗಿ ಇಳಿಯುತ್ತದೆ. ಬಳಸಿದ ಸಿಪ್ಪೆಯನ್ನು ತೊಳೆದು ಒಣಗಿಸಿ ಸಕ್ಕರೆ ಡಬ್ಬಿಯಲ್ಲಿ ಹುಗಿದರೆ ಇನ್ನೂ ಕೆಲವು ವಾರ ಪಾಯಸಕ್ಕೆ ಒದಗುತ್ತದೆ.

ಅಂಗಡಿಯ ಎಸೆನ್ಸ್ ಸಾಮಾನ್ಯವಾಗಿ ಬೇರೆ ಮಾಲು. 1858ರಲ್ಲಿ ಫ್ರಾನ್ಸಿನ ಗೋಬ್ಲೆ ವೆನಿಲಿನ್ನನ್ನು ಬೇರ್ಪಡಿಸಿದ. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಅದನ್ನು ಪೈನ್ ಜಾತಿಯ ಮರದ ರಸದಿಂದ ತಯಾರಿಸಿದರು. ಆಮೇಲೆ ಲವಂಗದೆಣ್ಣೆ, ಕಾಗದದ ಕಾರ್ಖಾನೆಯ ತ್ಯಾಜ್ಯ, ಪೆಟ್ರೋಲಿಯಂ ಮೂಲದ ರಾಸಾಯನಿಕಗಳು ಬಂದವು. ಕೋಡಿನಲ್ಲಿ ವೆನಿಲಿನ್ ಜೊತೆ ನೂರಾರು ಇತರ ಸುವಾಸನಾ ಘಟಕಗಳಿರುತ್ತವೆ. ಎಸೆನ್ಸಿನಲ್ಲಿ ಬಹುಮಟ್ಟಿಗೆ ಒಂದೇ ಸ್ವರ, ಆದರೆ ಜಗತ್ತಿನ ಐಸ್‌ಕ್ರೀಮ್ ಬಹುಪಾಲು ಅದರಿಂದಲೇ ನಡೆಯುತ್ತದೆ.

ಕರ್ನಾಟಕದಲ್ಲಿ ವೆನಿಲ್ಲಾ 1990ರ ದಶಕದಲ್ಲಿ ಸಾಂಬಾರ ಮಂಡಳಿಯ ಪ್ರೋತ್ಸಾಹದಿಂದ ಅಡಿಕೆ, ಕಾಫಿ ತೋಟಗಳ ಉಪಬೆಳೆಯಾಗಿ ಹಬ್ಬಿತು. 2000ದ ಏಪ್ರಿಲ್‌ನಲ್ಲಿ ಹೂದಾ ಚಂಡಮಾರುತ ಮಡಗಾಸ್ಕರ್‌ನ ತೋಟಗಳನ್ನು ಕೆಡವಿದ ಮೇಲೆ ಬೆಲೆ ಏರತೊಡಗಿ, 2003ರ ಹೊತ್ತಿಗೆ ಹಸಿಕೋಡು ಕಿಲೋಗೆ 3,000 ರೂಪಾಯಿ ದಾಟಿತು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಕೊಡಗು, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಬಳ್ಳಿಯ ತುಂಡೂ ಮೀಟರ್ ಲೆಕ್ಕದಲ್ಲಿ ಮಾರಾಟವಾಯಿತು. ತೋಟಕ್ಕೆ ರಾತ್ರಿ ಕಾವಲು ಬಂತು. ದುಬಾರಿಗೆ ಬೆದರಿದ ಕೊಳ್ಳುವ ಕಂಪನಿಗಳು ಕೃತಕ ವೆನಿಲಿನ್‌ನತ್ತ ಹೊರಳಿದ್ದೂ ಹೊಸ ದೇಶಗಳ ಬೆಳೆ ಒಟ್ಟಿಗೇ ಮಾರುಕಟ್ಟೆಗೆ ಬಂದದ್ದೂ ಸೇರಿ, ಎರಡೇ ವರ್ಷದಲ್ಲಿ ಬೆಲೆ ಕೆಲವೆಡೆ ನೂರಕ್ಕಿಂತ ಕೆಳಗಿಳಿಯಿತು. ಜೊತೆಗೆ ಬೇರು, ಕಾಂಡ ಕೊಳೆಸುವ ಫ್ಯುಸೇರಿಯಂ ಶಿಲೀಂಧ್ರ. ತುಂಡಿನಿಂದ ತುಂಡಾಗಿ ಬೆಳೆಸಿದ ಬಳ್ಳಿಗಳೆಲ್ಲ ಹೆಚ್ಚುಕಡಿಮೆ ಒಂದೇ ವಂಶದವಾದ್ದರಿಂದ ಒಂದಕ್ಕೆ ಬಂದ ರೋಗ ಸಾಲಿಗೆಲ್ಲ ಹರಡಿತು. 2017ರಲ್ಲಿ ಎನಾವೊ ಚಂಡಮಾರುತದ ನಂತರ ಜಾಗತಿಕ ಬೆಲೆ ಮತ್ತೊಮ್ಮೆ ಜಿಗಿದಾಗ, ಹಳೆಯ ಪೆಟ್ಟು ನೆನಪಿದ್ದ ಇಲ್ಲಿನವರಲ್ಲಿ ಬೆಳೆಗೆ ಮರಳಿದವರು ಕಡಿಮೆ. ಕೈಬಿಟ್ಟ ತೋಟಗಳಲ್ಲಿ ಉಳಿದ ಬಳ್ಳಿಗಳು ಕೈಗೆ ಎಟುಕದಷ್ಟು ಎತ್ತರಕ್ಕೆ ಹತ್ತಿವೆ. ಅಲ್ಲಿ ಅರಳಿದ ಹೂವು ಮಧ್ಯಾಹ್ನಕ್ಕೆ ಬಾಡಿ, ಕಾಯಿ ಕಚ್ಚದೆ ಉದುರುತ್ತದೆ.